ದೂರವಾಣಿ ನಗರದ ಕಪ್ಪು ಫೋನು

ನಿಮ್ಮ ಮನೆಯ ಅಟ್ಟದ ಮೇಲೋ, ಅಜ್ಜನ ಕಾಲದ ಕಬ್ಬಿಣದ ಟ್ರಂಕಿನೊಳಗೋ ಒಂದು ಕಪ್ಪು ಫೋನು ಉಳಿದಿರಬಹುದು. ಇದ್ದರೆ ಅದನ್ನು ಕೆಳಗಿಳಿಸಿ ಎದುರಿಗಿಟ್ಟುಕೊಳ್ಳಿ. ಸೊನ್ನೆಯ ರಂಧ್ರದಲ್ಲಿ ತೋರುಬೆರಳಿಟ್ಟು ಕೊನೆಯವರೆಗೆ ತಿರುಗಿಸಿ ಬಿಡಿ. ಡಯಲು ಕಿರ್‍ರೆಂದು ತನ್ನಷ್ಟಕ್ಕೆ ಹಿಂದಿರುಗುತ್ತದೆ. ಈಗ ಹೇಳಿ, ಎಕ್ಸ್‌ಚೇಂಜಿಗೆ ನಂಬರು ಹೋಗುತ್ತಿದ್ದುದು ನೀವು ತಿರುಗಿಸುವಾಗಲೋ, ಡಯಲು ಹಿಂದಿರುಗುವಾಗಲೋ?

ವರ್ಷಗಟ್ಟಲೆ ಈ ಫೋನನ್ನು ಬಳಸಿದವರಲ್ಲಿಯೂ ಬಹುಮಂದಿ ಮೊದಲನೆಯದನ್ನೇ ಹೇಳುತ್ತಾರೆ. ನಿಜವಾದ ಕೆಲಸ ನಡೆಯುವುದು ಹಿಂದಿರುಗುವಾಗ. ನಮ್ಮ ಬೆರಳು ಮಾಡುವುದು ಒಳಗಿನ ಸ್ಪ್ರಿಂಗಿಗೆ ಕೀಲಿ ಕೊಡುವುದನ್ನಷ್ಟೇ. ಬೆರಳು ತೆಗೆದ ಮೇಲೆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತಾ ಚಕ್ರವನ್ನು ತಿರುಗಿಸುತ್ತದೆ. ಲೈನಿನಲ್ಲಿ ಹರಿಯುವ ವಿದ್ಯುತ್ತು ಕತ್ತರಿಸಿ ಕತ್ತರಿಸಿ ಹೋಗುತ್ತದೆ. ಒಂದಕ್ಕೆ ಒಂದು ಸಲ, ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಸೆಕೆಂಡಿಗೆ ಹತ್ತು ಮಿಡಿತ ಎಂಬುದು ನಿಗದಿಯಾದ ವೇಗ. ಅವಸರದವರು ಡಯಲನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿ ರಾಂಗ್ ನಂಬರಿಗೆ ಸಿಕ್ಕಿಬೀಳುತ್ತಿದ್ದುದಕ್ಕೆ ಕಾರಣ ಇದೇ. ಅವರು ಆ ವೇಗವನ್ನು ಕೆಡಿಸುತ್ತಿದ್ದರು.

ಮನೆಯ ಹಿರಿಯರು ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದುದು ನಿಮಗೆ ನೆನಪಿರಬೇಕು. ಆ ಬೀಗವನ್ನು ಮುಟ್ಟದೆಯೇ ಫೋನು ಮಾಡುವ ಚತುರರೂ ಇದ್ದರು. ರಿಸೀವರು ಕೂರುವ ಗುಂಡಿಯನ್ನು ಬೇಕಾದ ಅಂಕೆಯಷ್ಟು ಸಲ ಟಕಟಕನೆ ಒತ್ತಿ, ಸ್ವಲ್ಪ ತಡೆದು, ಮುಂದಿನ ಅಂಕೆಗೆ ಮತ್ತೆ ಒತ್ತಿದರೆ ಸಾಕಾಗಿತ್ತು. ವಿದ್ಯುತ್ತನ್ನು ಕತ್ತರಿಸಿದ್ದು ಡಯಲೋ ಗುಂಡಿಯೋ ಎಂಬುದು ಎಕ್ಸ್‌ಚೇಂಜಿಗೆ ತಿಳಿಯದು. ಭೌತಶಾಸ್ತ್ರದ ಒಂದು ಪಾಠವನ್ನು ಎಷ್ಟೋ ಹುಡುಗರು ಹೀಗೆ ಕದ್ದು ಕಲಿತರು.

ಈ ಮಿಡಿತಗಳನ್ನು ಎಣಿಸುತ್ತಿದ್ದ ಯಂತ್ರವನ್ನು ಕಂಡುಹಿಡಿದವನು ಎಂಜಿನಿಯರನಲ್ಲ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಆಲ್ಮನ್ ಸ್ಟ್ರೋಜರ್ ಎಂಬಾತ. ಆಗ ಯಾರಿಗೆ ಫೋನು ಮಾಡಬೇಕಾದರೂ ಎಕ್ಸ್‌ಚೇಂಜಿನ ಆಪರೇಟರಿಗೆ ಹೇಳಬೇಕಿತ್ತು. ಅಲ್ಲಿನ ಆಪರೇಟರ್ ತನಗೆ ಬರಬೇಕಾದ ಕರೆಗಳನ್ನು ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆಂದು ಸಿಟ್ಟಾಗಿ ಆತ ಈ ಯಂತ್ರ ಮಾಡಿದನೆಂಬ ಕಥೆಯಿದೆ. ಕಥೆಯ ಸತ್ಯಾಸತ್ಯ ಏನೇ ಇರಲಿ, 1891ರಲ್ಲಿ ಅವನಿಗೆ ಪೇಟೆಂಟು ಸಿಕ್ಕಿತು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಅವನ ಪದ್ಧತಿಯ ಮೊದಲ ಎಕ್ಸ್‌ಚೇಂಜು ನಡೆಯತೊಡಗಿತು. ಅಚ್ಚರಿಯೆಂದರೆ ಆ ಮೊದಲ ಫೋನುಗಳಲ್ಲಿ ಡಯಲೇ ಇರಲಿಲ್ಲ, ಒತ್ತುವ ಕೀಲಿಗಳಿದ್ದವು. ಡಯಲು ಬಂದದ್ದು ಅದೇ ದಶಕದ ಉತ್ತರಾರ್ಧದಲ್ಲಿ, ಅವನ ಕಂಪನಿಯವರ ಕೈಯಿಂದ.

ಸ್ಟ್ರೋಜರ್ ಯಂತ್ರದ ಕೆಲಸ ಕಣ್ಣಿಗೆ ಕಾಣುವಂಥದು. ಒಂದು ಲೋಹದ ಕಂಬಿ. ಅದರ ಸುತ್ತ ಹತ್ತು ಅಂತಸ್ತು, ಅಂತಸ್ತಿಗೆ ಹತ್ತು ಸಂಪರ್ಕಗಳು. ನೀವು ನಾಲ್ಕು ತಿರುಗಿಸಿದರೆ ಕಂಬಿ ನಾಲ್ಕನೆಯ ಅಂತಸ್ತಿಗೆ ಏರುತ್ತದೆ. ಮುಂದೆ ಏಳು ತಿರುಗಿಸಿದರೆ ಅಲ್ಲಿಯೇ ಅಡ್ಡಕ್ಕೆ ಏಳು ಹೆಜ್ಜೆ ಸರಿಯುತ್ತದೆ. ನಂಬರಿನ ಕೊನೆಯ ಎರಡು ಅಂಕೆಗಳು ಹೀಗೆ ಒಂದೇ ಯಂತ್ರದಲ್ಲಿ ಮುಗಿಯುತ್ತಿದ್ದವು. ಅದಕ್ಕೂ ಹಿಂದಿನ ಅಂಕೆಗಳಿಗೆ ಒಂದೊಂದು ಬೇರೆ ಯಂತ್ರ. ದೊಡ್ಡ ಎಕ್ಸ್‌ಚೇಂಜಿನಲ್ಲಿ ಇಂಥ ಸಾವಿರಾರು ಕಂಬಿಗಳು ಏರಿಳಿಯುತ್ತಿದ್ದವು. ಮನೆಯ ಕಪ್ಪು ಫೋನು ಪೂರ್ಣ ಯಂತ್ರವಲ್ಲ, ಅರ್ಧ ಯಂತ್ರ ಎಂದು ನಾನು ಹೇಳುವುದು ಇದಕ್ಕೇ. ಉಳಿದರ್ಧ ಎಕ್ಸ್‌ಚೇಂಜಿನಲ್ಲಿತ್ತು.

ನಮ್ಮ ದೇಶದಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಿಗೆ 1882ರಲ್ಲಿಯೇ ಎಕ್ಸ್‌ಚೇಂಜುಗಳು ಬಂದಿದ್ದವು. ಆದರೆ ಕೈಯಿಂದ ಜೋಡಿಸುವಂಥವು. ಉಪಕರಣಗಳೆಲ್ಲ ಹೊರಗಿನಿಂದಲೇ ಬರಬೇಕಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನ ಹಳೆಯ ಮದರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಸಮೀಪ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮ ಐಟಿಐ, ತಲೆಯೆತ್ತಿತು. ಕೇಂದ್ರ ಸರ್ಕಾರದ ಜೊತೆಗೆ ಮೈಸೂರು ಸರ್ಕಾರವೂ ಅದರ ಪಾಲುದಾರನಾಗಿತ್ತು. ಬ್ರಿಟನ್ನಿನ ಲಿವರ್‌ಪೂಲಿನ ಕಂಪನಿಯೊಂದು ಸ್ಟ್ರೋಜರ್ ತಂತ್ರಜ್ಞಾನ ಕೊಟ್ಟಿತು. ಕಾರ್ಖಾನೆಯ ಸುತ್ತ ಬೆಳೆದ ವಸತಿಗೆ ದೂರವಾಣಿ ನಗರವೆಂದೇ ಹೆಸರಾಯಿತು. ಟೆಲಿಫೋನಿಗೆ ನಾವು ಕಟ್ಟಿಕೊಂಡ ಪದವೊಂದು ಹೀಗೆ ಬಸ್ಸಿನ ಬೋರ್ಡಿನ ಮೇಲೂ ಅಂಚೆಯ ಮೊಹರಿನ ಮೇಲೂ ಕೂತಿತು.

ಮೊದಲು ಹೊರಗಿನಿಂದ ತರಿಸಿದ ಬಿಡಿಭಾಗಗಳ ಜೋಡಣೆ, ಆಮೇಲೆ ಒಂದೊಂದಾಗಿ ಆ ಭಾಗಗಳನ್ನೇ ಇಲ್ಲಿ ತಯಾರಿಸುವುದು. ಇದು ಹೇಳಿದಷ್ಟು ಸುಲಭವಲ್ಲ. ಕೂದಲೆಳೆಯಂಥ ಸ್ಪ್ರಿಂಗು, ಸಣ್ಣ ಹಲ್ಲಿನ ಚಕ್ರ, ಬೆಳ್ಳಿಯ ಸಂಪರ್ಕ ಬಿಂದು, ಬೇಕಲೈಟಿನ ಅಚ್ಚು, ಇವೆಲ್ಲಕ್ಕೂ ನುರಿತ ಕೈ ಬೇಕು. ಜೋಡಣೆಯ ವಿಭಾಗಗಳಲ್ಲಿ ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ದುಡಿದರು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಮೇಜುಗಳ ಮೇಲೆ ಕೂತ ಅಸಂಖ್ಯ ಕಪ್ಪು ಫೋನುಗಳು ಈ ಕೈಗಳನ್ನು ದಾಟಿ ಹೋದವು. ಕಲೆಕ್ಟರರ ಮೇಜಿನ ಫೋನೂ ಕಿರಾಣಿ ಅಂಗಡಿಯ ಫೋನೂ ಒಂದೇ ಬಗೆಯದಾಗಿದ್ದವು. ಫೋನು ಇಲಾಖೆಯ ಸ್ವತ್ತು, ನಾವು ಬಾಡಿಗೆ ಕಟ್ಟುವವರು. ಸಂಪರ್ಕ ಬಿಟ್ಟುಕೊಟ್ಟರೆ ಅದನ್ನು ಹಿಂದಿರುಗಿಸಬೇಕು. ದೇಶದ ತುಂಬ ಇದ್ದ ವಸ್ತು ಇಂದು ಮನೆಗಳಲ್ಲಿ ಇಷ್ಟು ಕಡಿಮೆ ಉಳಿದಿರುವುದಕ್ಕೆ ಇದೂ ಒಂದು ಕಾರಣ.

1960ರಲ್ಲಿ ಲಕ್ನೋ ಮತ್ತು ಕಾನ್ಪುರಗಳ ನಡುವೆ ಎಸ್‌ಟಿಡಿ ಆರಂಭವಾದಾಗ, ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ಬದಲು ಡಯಲೇ ಇನ್ನೊಂದು ಊರನ್ನು ಮುಟ್ಟಿತು. ಎಸ್‌ಟಿಡಿ ಎಂದರೆ ಮೊದಲಿಗೆ ಸೊನ್ನೆ, ಅಂದರೆ ಹತ್ತು ಮಿಡಿತ. ಇಲ್ಲೊಂದು ಮೋಜಿನ ಲೆಕ್ಕವಿದೆ. ಬೆಂಗಳೂರಿನ ಹಳೆಯ ಕೋಡು 0812. ಕೂಡಿದರೆ 21 ಮಿಡಿತ. ಅದನ್ನು ಚಿಕ್ಕದು ಮಾಡಿ 080 ಕೊಟ್ಟರು, ಕೂಡಿದರೆ 28! ಅಂಕೆ ಒಂದು ಕಡಿಮೆಯಾಯಿತು, ಡಯಲಿನ ದುಡಿಮೆ ಹೆಚ್ಚಾಯಿತು. ಆ ವೇಳೆಗೆ ಬಟನ್ ಫೋನುಗಳು ಬಂದಿದ್ದರಿಂದ ಯಾರೂ ದೂರಲಿಲ್ಲ.

ಡಯಲಿನ ಕಾಲ ಮುಗಿಯುತ್ತಿದೆಯೆಂಬ ಸೂಚನೆ ಬಂದದ್ದೂ ನಮ್ಮ ನಾಡಿನಿಂದಲೇ. ದೇಶದಲ್ಲಿಯೇ ರೂಪಿಸಿದ ಸಿ-ಡಾಟ್ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಲ್ಲಿ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಏರಿಳಿಯುವ ಕಂಬಿಗಳಿಲ್ಲ, ಸದ್ದಿಲ್ಲ. ಮುಂದಿನ ವರ್ಷಗಳಲ್ಲಿ ಸ್ಟ್ರೋಜರ್ ಯಂತ್ರಗಳು ಊರಿಂದೂರಿಗೆ ಗುಜರಿಗೆ ಹೋದವು. ಉಳಿದದ್ದು ಮನೆಯಲ್ಲಿರುವ ಅರ್ಧ ಮಾತ್ರ.

ಆ ಅರ್ಧವನ್ನಾದರೂ ಸರಿಯಾಗಿ ಉಳಿಸಿಕೊಳ್ಳುತ್ತಿದ್ದೇವೆಯೇ? ನನಗೆ ಬೇಸರವಿರುವುದು ಇಲ್ಲಿ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹಿತ್ತಾಳೆಯ ಹೊಳಪಿನ, ರಾಜಮಹಾರಾಜರ ಕಾಲದ್ದೆಂದು ನಂಬಿಸುವ ಹೊಸ ಫೋನುಗಳಿಗೆ ಒಳ್ಳೆಯ ಬೆಲೆಯಿದೆ. ಎಷ್ಟೋ ಸಲ ಅವುಗಳ ಡಯಲು ತಿರುಗುವುದೇ ಇಲ್ಲ. ರಂಧ್ರಗಳಲ್ಲಿ ಒತ್ತುವ ಗುಂಡಿಗಳಿರುತ್ತವೆ. ಪಕ್ಕದಲ್ಲಿಯೇ ಧೂಳು ಹಿಡಿದ ನಿಜವಾದ ಐಟಿಐ ಫೋನನ್ನು ಕೇಳುವವರಿಲ್ಲ. ಕೊಂಡವರು ಅದಕ್ಕೆ ಕೆಂಪು ಬಣ್ಣ ಬಳಿದು ಶೋಕೇಸಿನಲ್ಲಿಡುತ್ತಾರೆ. ಬಣ್ಣ ಬಳಿದ ಫೋನು ಅಲಂಕಾರಕ್ಕಾದೀತು, ಇತಿಹಾಸಕ್ಕಾಗದು.

ಹಾಗಾದರೆ ಏನು ಮಾಡಬೇಕು? ಮೊದಲು ಅವಸರ ಬಿಡಿ. ಬೇಕಲೈಟು 1907ರಲ್ಲಿ ಲಿಯೋ ಬೇಕಲೆಂಡ್ ರೂಪಿಸಿದ ವಸ್ತು. ರಾಳಕ್ಕೆ ಸಾಮಾನ್ಯವಾಗಿ ಮರದ ಹುಡಿ ಬೆರೆಸಿ ಬಿಸಿ ಅಚ್ಚಿನಲ್ಲಿ ಒತ್ತಿರುತ್ತಾರೆ. ಮೇಲಿನ ತೆಳುಪದರದಲ್ಲಿ ರಾಳ ಹೆಚ್ಚು, ಹೊಳಪೆಲ್ಲ ಅದರಲ್ಲಿ. ಮರಳುಕಾಗದದಿಂದ ತಿಕ್ಕಿದರೆ ಆ ಪದರ ಹೋಗಿ ಕೆಳಗಿನ ಒರಟು ಮೈ ಬಯಲಾಗುತ್ತದೆ, ಮತ್ತೆ ಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸ್ವಲ್ಪ ಮೇಣದ ಪಾಲಿಶ್ ಹಚ್ಚಿದರೆ ಸಾಕು. ಬಿಸಿಲಿನಲ್ಲಿಡಬೇಡಿ. ಕೆಡವಬೇಡಿ, ಬೇಕಲೈಟು ಬಾಗುವುದಿಲ್ಲ, ಒಡೆಯುತ್ತದೆ.

ಡಯಲಿನ ವಿಷಯಕ್ಕೆ ಬಂದರೆ, ನಮ್ಮ ಕೈ ತಾನಾಗಿಯೇ ಹೊಲಿಗೆ ಯಂತ್ರದ ಎಣ್ಣೆಯ ಕಡೆ ಹೋಗುತ್ತದೆ. ತಡೆಯಿರಿ. ಡಯಲಿನ ಹಿಂದೆ ಗವರ್ನರ್ ಎಂಬ ಪುಟ್ಟ ಭಾಗವಿದೆ. ಅದು ಗಿರ್ರನೆ ತಿರುಗುವಾಗ ಅದರ ತೂಕದ ಬಿಲ್ಲೆಗಳು ಹೊರಚಾಚಿ ಒಂದು ಬಟ್ಟಲಿನ ಒಳಗೋಡೆಗೆ ಉಜ್ಜುತ್ತವೆ. ವೇಗವನ್ನು ಹಿಡಿದಿಡುವುದು ಆ ಉಜ್ಜಾಟವೇ. ಅಲ್ಲಿ ಎಣ್ಣೆ ಬಿದ್ದರೆ ಹಿಡಿತ ತಪ್ಪಿ ಡಯಲು ಓಡಿಬಿಡುತ್ತದೆ, ಎಣಿಕೆ ಕೆಡುತ್ತದೆ. ಎಣ್ಣೆ ಬೇಕಾದದ್ದು ಅಚ್ಚಿನ ತುದಿಗಳಿಗೆ, ಅದೂ ಸೂಜಿಯ ಮೊನೆಯಷ್ಟು. ಸೊನ್ನೆ ತಿರುಗಿಸಿ ಬಿಟ್ಟಾಗ ಡಯಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಹಿಂದಿರುಗಿದರೆ ಅದರ ಆರೋಗ್ಯ ಚೆನ್ನಾಗಿದೆ. ಎರಡು ಸೆಕೆಂಡು ಹಿಡಿದರೆ ಹಳೆಯ ಜಿಡ್ಡು ಗಟ್ಟಿಯಾಗಿದೆಯೆಂದು ತಿಳಿಯಿರಿ.

ಮಾತು ಆಚೆಯವರಿಗೆ ಮಂದವಾಗಿ ಕೇಳಿಸುತ್ತಿದ್ದರೆ, ಬಾಯಿಯ ಬಳಿಯ ಡಬ್ಬಿಯೊಳಗಿನ ಇದ್ದಿಲಿನ ಕಣಗಳು ಹೆಪ್ಪುಗಟ್ಟಿರುತ್ತವೆ. ರಿಸೀವರನ್ನು ಅಂಗೈಗೆ ಮೆತ್ತಗೆ ತಟ್ಟಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೊಸ ಮೈಕು ಹಾಕಲೇಬೇಕಾದರೆ ಹಾಕಿ. ಹಳೆಯದನ್ನು ಎಸೆಯದೆ ಕಟ್ಟಿಡಿ. ನೂಲಿನ ಹೆಣಿಗೆಯ ಹಳೆಯ ವೈರಿಗೂ ಇದೇ ಮಾತು. ಒಂದು ಎಚ್ಚರಿಕೆ: ಲೈನಿಗೆ ಜೋಡಿಸಿದ ಫೋನನ್ನು ಬಿಚ್ಚಬೇಡಿ. ಸುಮ್ಮನಿರುವಾಗ ಲೈನಿನಲ್ಲಿರುವುದು ಸುಮಾರು 50 ವೋಲ್ಟು. ಗಂಟೆ ಬಾರಿಸಲು ಬರುವ ವಿದ್ಯುತ್ತು ಅದಕ್ಕಿಂತ ಹೆಚ್ಚಿನದು, ಚುರುಕಾಗಿ ಹೊಡೆಯುತ್ತದೆ.

ದುರಸ್ತಿಯಾದ ಫೋನಿನಲ್ಲಿ ಇಂದು ಮಾತನಾಡಬಹುದೇ? ತಾಮ್ರದ ತಂತಿಯ ಲೈನು ಇನ್ನೂ ಇದ್ದು, ಎಕ್ಸ್‌ಚೇಂಜು ಮಿಡಿತಗಳನ್ನು ಒಪ್ಪಿಕೊಂಡರೆ ಧಾರಾಳವಾಗಿ. ಫೈಬರ್ ಸಂಪರ್ಕದ ಪೆಟ್ಟಿಗೆಗಳಲ್ಲಿ ಕೆಲವು ಮಿಡಿತವನ್ನು ಎಣಿಸುತ್ತವೆ, ಅನೇಕವು ಎಣಿಸುವುದಿಲ್ಲ. ಆಗ ಮಿಡಿತವನ್ನು ಬಟನ್ ಫೋನಿನ ಸ್ವರವಾಗಿ ಬದಲಿಸುವ ಸಣ್ಣ ಸಾಧನವೊಂದನ್ನು ನಡುವೆ ಸೇರಿಸಬೇಕು. ಒಳಬರುವ ಕರೆಗೆ ಡಯಲು ಬೇಕಿಲ್ಲವಾದ್ದರಿಂದ ಆ ತೊಂದರೆಯಿಲ್ಲ. ಪೆಟ್ಟಿಗೆಗೆ ಶಕ್ತಿ ಸಾಲದಿದ್ದರೆ ಜೋಡಿಗಂಟೆ ಸ್ವಲ್ಪ ಸೊರಗಬಹುದು, ಅಷ್ಟೇ. ಆದರೆ ಬ್ಯಾಂಕಿಗೆ ಫೋನು ಮಾಡಿದಾಗ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂದರೆ ಈ ಫೋನು ಕೈಚೆಲ್ಲುತ್ತದೆ. ಅದಕ್ಕೆ ಒತ್ತುವುದು ಗೊತ್ತಿಲ್ಲ.

ಕೊನೆಗೊಂದು ಮಾತು. ಡಯಲಿನ ನಡುವೆ ಗುಂಡನೆಯ ಚೀಟಿಯೊಂದಿದ್ದು, ಅದರಲ್ಲಿ ಆ ಮನೆಯ ನಂಬರನ್ನು ಬರೆದಿರುತ್ತಿದ್ದರು. ಸ್ವಚ್ಛ ಮಾಡುವವರು ಮೊದಲು ಕಿತ್ತೆಸೆಯುವುದು ಅದನ್ನೇ. ಎಸೆಯಬೇಡಿ. ಅಂಕೆಗಳು ಐದಿವೆಯೋ, ಆರಿವೆಯೋ ಎಣಿಸಿ. ಅದು ಯಾವ ಕಾಲದ್ದೆಂಬ ಅಂದಾಜು ಅಷ್ಟರಿಂದಲೇ ಸಿಗುತ್ತದೆ. ಕೆಳಗಿನ ತಗಡಿನ ಮೇಲೆ ತಯಾರಕರ ಗುರುತೋ, ವರ್ಷವೋ ಇದ್ದರೆ ಬರೆದಿಟ್ಟುಕೊಳ್ಳಿ. ಆಮೇಲೆ ಮನೆಯ ಹಿರಿಯರನ್ನು ಕರೆದು ಆ ಚೀಟಿ ತೋರಿಸಿ. ನಿನ್ನೆಯ ಊಟ ಮರೆತವರೂ ಆ ನಂಬರನ್ನು ನೋಡದೆಯೇ ಹೇಳುತ್ತಾರೆ. ಹೇಳುತ್ತಿರುವಾಗ ಅವರ ತೋರುಬೆರಳನ್ನು ಗಮನಿಸಿ, ಅದು ಗಾಳಿಯಲ್ಲಿಯೇ ತಿರುಗುತ್ತಿರುತ್ತದೆ.