ಬಾಂಧ: ಪುಣೆ ಸೀಮೆಯ ಬದುವಿನ ಚರಿತ್ರೆ

ಹೊಲದ ಅಂಚಿನಲ್ಲೋ ಇಳಿಜಾರಿಗೆ ಅಡ್ಡಲಾಗಿಯೋ ಮಣ್ಣೇರಿಸಿ ಕಟ್ಟಿದ ದಿಂಡಿಗೆ ಪುಣೆ ಸೀಮೆಯ ರೈತರು ಬಾಂಧ ಎನ್ನುತ್ತಾರೆ. ಕನ್ನಡದಲ್ಲಿ ಇದು ಬದು. ವಿಜಯಪುರದ (ಹಿಂದಿನ ಬಿಜಾಪುರದ) ಕಡೆ ಒಡ್ಡು ಎಂಬ ಮಾತೇ ಹೆಚ್ಚು. ಪುಣೆ ನಗರದ ಬಂಡ್ ಗಾರ್ಡನ್ ಎಂಬ ಹೆಸರೂ ಇದೇ ಕುಲದ್ದು. ಆದರೆ ಅಲ್ಲಿಯದು ಹೊಲದ ಬದುವಲ್ಲ. ಜಮ್‌ಷೆಟ್‌ಜಿ ಜೀಜೀಭಾಯ್ ಅವರ ದೇಣಿಗೆಯ ನೆರವಿನಿಂದ 19ನೇ ಶತಮಾನದ ನಡುವಿನಲ್ಲಿ ಮುಳಾ-ಮುಠಾ ನದಿಗೆ ಕಟ್ಟಿದ ಕಲ್ಲಿನ ಒಡ್ಡು.

ಹಳ್ಳಿಯಲ್ಲಿ ಬಾಂಧ ಎಂದರೆ ಮೊದಲಿಗೆ ಎಲ್ಲೆ. ಅದರ ಮೇಲೆ ಬೇವು, ಜಾಲಿ ಬೆಳೆಯುತ್ತವೆ, ದನಕ್ಕೆ ಹುಲ್ಲು ಸಿಗುತ್ತದೆ, ಕಾಲುದಾರಿಯೂ ಅದೇ. ನೆರೆಯವನು ನೇಗಿಲಿನಿಂದ ವರ್ಷವರ್ಷವೂ ಇಷ್ಟಿಷ್ಟೇ ಬದು ಕೊರೆದು ಹೊಲ ಹಿಗ್ಗಿಸಿಕೊಳ್ಳುವುದಕ್ಕೆ ಮರಾಠಿಯಲ್ಲಿ ‘ಬಾಂಧ ಕೋರಣೆ’ ಎಂಬ ಮಾತೇ ಇದೆ. ಅಧಿಕಾರಿಗಳು ರೈತನ ಹೊಲಕ್ಕೇ ಹೋದರೆ ‘ಬಾಂಧಾವರ’ ಹೋದರು ಎಂದು ಪತ್ರಿಕೆಗಳು ಬರೆಯುತ್ತವೆ.

ಬದು ಮಾಡುವ ಕೆಲಸ ಮಳೆಯನ್ನು ಅವಲಂಬಿಸಿದೆ. ಪುಣೆ ಜಿಲ್ಲೆಯ ಪಶ್ಚಿಮಕ್ಕೆ, ಸಹ್ಯಾದ್ರಿಯ ಮಗ್ಗುಲಿನ ಮಾವಳ, ಮುಳಶಿಗಳಲ್ಲಿ ಮಳೆ ಧಾರಾಳ; ಅಲ್ಲಿ ಬದುಗಳು ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸುತ್ತವೆ. ಪೂರ್ವದ ಬಾರಾಮತಿ, ಇಂದಾಪುರಗಳು ಮಳೆನೆರಳಿನ ನಾಡು. ಬೀಳುವ ಅಲ್ಪ ಮಳೆಯೂ ಕೆಲವೇ ಬಿರುಸು ಹೊಡೆತಗಳಲ್ಲಿ ಬಂದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುವುದರಿಂದ, ಅಲ್ಲಿ ನೀರಿನಷ್ಟೇ ಮಣ್ಣನ್ನೂ ತಡೆಯಬೇಕು.

ಇದನ್ನು ಸರ್ಕಾರದ ಹೊಣೆಯೆಂದು ಬರೆದವರಲ್ಲಿ ಪುಣೆಯ ಜೋತಿರಾವ್ ಫುಲೆ ಮೊದಲಿಗರ ಸಾಲಿನವರು. 1883ರಲ್ಲಿ ಮುಗಿಸಿದ ‘ಶೇತಕರ್‍ಯಾಚಾ ಅಸೂಡ’ ಎಂಬ ಪುಸ್ತಕದಲ್ಲಿ ಅವರು, ಸೈನ್ಯ ಮತ್ತು ಪೊಲೀಸಿನ ಹೆಚ್ಚುವರಿ ಸಿಬ್ಬಂದಿಯಿಂದ ಒಡ್ಡುಗಳನ್ನು ಹಾಕಿಸಿ ಮಳೆನೀರು ಹೊಲದಲ್ಲೇ ಇಂಗುವಂತೆ ಮಾಡಬೇಕೆಂದು ಸೂಚಿಸಿದರು. ಫುಲೆಯವರನ್ನು ಸಮಾಜ ಸುಧಾರಕರೆಂದು ನೆನೆಯುವವರು ಈ ಪುಟಗಳನ್ನೂ ಓದಬೇಕು. ಪುಣೆಯ ಪೂರ್ವಕ್ಕಿರುವ ಮಾಂಜರಿಯಲ್ಲಿ ಅವರಿಗೆ ಜಮೀನಿತ್ತು. ಇದು ಹೊಲ ಬಲ್ಲವರ ಸಲಹೆ.

ಅದೇ ಮಾಂಜರಿಯಲ್ಲಿ 1923ರಲ್ಲಿ ಮುಂಬಯಿ ಪ್ರಾಂತದ ಒಣಬೇಸಾಯ ಸಂಶೋಧನೆ ಮೊದಲಾಯಿತು. 1933ರಲ್ಲಿ ಸೊಲ್ಲಾಪುರ ಮತ್ತು ಬಿಜಾಪುರಗಳಲ್ಲಿ ಕೇಂದ್ರಗಳು ತೆರೆದವು. ಬದು ಹಾಕುವುದು, ಆಳವಾಗಿ ಉಳುವುದು, ಸಾಲುಗಳ ನಡುವೆ ಅಂತರ ಬಿಡುವುದು, ಮತ್ತೆ ಮತ್ತೆ ಎಡೆ ಹೊಡೆಯುವುದು, ಇವೆಲ್ಲ ಸೇರಿ ‘ಬಾಂಬೆ ಒಣಬೇಸಾಯ ಪದ್ಧತಿ’ ಎನಿಸಿದವು. 1956ರವರೆಗೆ ಪುಣೆಯೂ ಬಿಜಾಪುರ, ಧಾರವಾಡ, ಬೆಳಗಾವಿಗಳೂ ಒಂದೇ ಆಡಳಿತದಲ್ಲಿದ್ದುದರಿಂದ, ಮರಾಠಿ ಬಾಂಧ ಮತ್ತು ಕನ್ನಡದ ಒಡ್ಡು ಒಂದೇ ಕಾನೂನಿಗೆ ಒಳಪಟ್ಟವು.

ಆ ಕಾನೂನು 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯ್ದೆ. ಅದರ ಅಗತ್ಯ ಬಿದ್ದದ್ದು ಬದುವಿನ ಎರಡು ಅರ್ಥಗಳು ಡಿಕ್ಕಿ ಹೊಡೆದದ್ದರಿಂದ. ರೈತನ ಬದು ಎಲ್ಲೆಯ ಗೆರೆ ಹಿಡಿಯುತ್ತದೆ. ಎಂಜಿನಿಯರನ ಸಮಪಾತಳಿ ಬದು ನೆಲದ ಒಂದೇ ಎತ್ತರದ ಗೆರೆ ಹಿಡಿದು, ಯಾರ ಸರ್ವೆ ನಂಬರು ಎಂದು ನೋಡದೆ ಹತ್ತಾರು ಹೊಲಗಳನ್ನು ದಾಟುತ್ತದೆ. ಒಬ್ಬನ ಹೊಲ ಓರೆಯಾಗಿ ಎರಡಾಗುತ್ತದೆ, ಕುಂಟೆ ತಿರುಗಿಸಲು ಜಾಗ ಸಾಲದು. ಒಬ್ಬ ಒಪ್ಪದಿದ್ದರೂ ಇಡೀ ಇಳಿಜಾರಿನ ಕೆಲಸ ನಿಲ್ಲುತ್ತಿತ್ತು.

ಕಾಯ್ದೆ ಈ ತಡೆಗೆ ದಾರಿ ತೆರೆದರೂ ಮಣ್ಣು ತನ್ನ ತಕರಾರು ಎತ್ತಿತು. ಆಳವಾದ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ನುಗ್ಗಿದ ನೀರು ಬದುವನ್ನೇ ಒಡೆಯುತ್ತದೆ. ಒಡೆಯದಿದ್ದರೆ ಮೇಲ್ಬದಿಯಲ್ಲಿ ನಿಂತು ಬೆಳೆಯ ಬೇರು ಕೊಳೆಸುತ್ತದೆ. ಹೀಗಾಗಿ ತೆಳುಮಣ್ಣಿನ, ಮಳೆ ಕಡಿಮೆಯಿರುವ ಹೊಲಗಳಿಗೆ ಸಮಪಾತಳಿ ಬದು ಹೊಂದಿತು; ಎರೆ ಹೊಲಗಳಿಗೆ ಬದುವಿನುದ್ದಕ್ಕೂ ತುಸು ವಾಟ ಕೊಟ್ಟು, ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೋ ಕಲ್ಲಿನ ಕೋಡಿಗೋ ಬಿಡುವ ಕ್ರಮ ಬಂತು.