ಲಾರಿ ಹೀಟರ್ ಬಿಸಿಯಾಗದಿದ್ದರೆ ಕೋಲಾ ಸುರಿಯಬೇಕೇ?

ಡೀಸೆಲ್ ಲಾರಿಯ ಹೀಟರ್ ತಣ್ಣನೆ ಗಾಳಿ ಊದುತ್ತಿದೆಯೇ? ರೇಡಿಯೇಟರ್‌ಗೆ ಕೋಲಾ ಸುರಿಯಿರಿ ಎಂಬ ಸಲಹೆ ನಿಮಗೂ ಬಂದಿರಬಹುದು. ಸುರಿಯಬೇಡಿ. ಅದರಲ್ಲಿನ ಫಾಸ್ಫರಿಕ್ ಆಮ್ಲ ತುಕ್ಕನ್ನು ಸ್ವಲ್ಪ ಕರಗಿಸುತ್ತದೆ ನಿಜ, ಆದರೆ ಸಕ್ಕರೆ ಒಳಗೇ ಉಳಿಯಬಹುದು.

ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲಂಟ್ ಅದರ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ. ಎಂಜಿನ್ ಬಿಸಿಯಾದ ಮೇಲೂ ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿರಬಹುದು. ಎರಡೂ ತಣ್ಣಗಿದ್ದರೆ ಮೊದಲು ಕೂಲಂಟ್ ಮಟ್ಟ, ಥರ್ಮೋಸ್ಟಾಟ್, ಹೀಟರ್ ವಾಲ್ವ್ ನೋಡಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಕೈಹಾಕಿ. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಇಳಿಸಿ, ಎರಡೂ ಹೋಸ್ ಬಿಚ್ಚಿ, ಕೂಲಂಟ್ ಹೊರಬರುವ ಕಡೆಯಿಂದ ನೀರು ಬಿಡಿ. ಹೀಗೆ ಉಲ್ಟಾ ಹರಿಸಿದರೆ ಸಿಕ್ಕಿಕೊಂಡ ಕೆಸರು ಬಂದ ದಾರಿಯಲ್ಲೇ ಹೊರಬರುತ್ತದೆ. ಒತ್ತಡ ಕಡಿಮೆಯಿರಲಿ. ಹಳೆಯ ಕೋರ್ ಒಡೆದರೆ ಎಷ್ಟೋ ವಾಹನಗಳಲ್ಲಿ ಡ್ಯಾಶ್‌ಬೋರ್ಡನ್ನೇ ಕಳಚಬೇಕು (ಆ ಖರ್ಚು ಬೇಡವೇ ಬೇಡ). ಕೊನೆಯ ಸುತ್ತಿಗೆ ಡಿಸ್ಟಿಲ್ಡ್ ವಾಟರ್ ಬಳಸಿ. ಬೋರ್‌ವೆಲ್ ನೀರಿನ ಗಡಸುತನ ಮತ್ತೆ ಪದರ ಕಟ್ಟಿಸುತ್ತದೆ.

ಆಮೇಲೆ ಬರೀ ನೀರು ತುಂಬಿ ಓಡಿಸಬೇಡಿ. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಲೈನರ್ ಕಂಪಿಸಿದಾಗ ಏಳುವ ಸಣ್ಣ ಗುಳ್ಳೆಗಳು ಒಡೆಯುತ್ತಾ ಲೋಹವನ್ನೇ ಕೊರೆಯುತ್ತವೆ. ಇದನ್ನು ತಡೆಯುವ ರಾಸಾಯನಿಕ ಸರಿಯಾದ ಕೂಲಂಟ್‌ನಲ್ಲಿರುತ್ತದೆ. ಮ್ಯಾನ್ಯುಯಲ್ ಹೇಳಿದ್ದನ್ನೇ ಹಾಕಿ, ಬಣ್ಣ ನೋಡಿ ಬೆರೆಸಬೇಡಿ.

ಇಳಿಸಿದ ಕೂಲಂಟನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಮುಚ್ಚಿ ಗ್ಯಾರೇಜಿಗೆ ಕೊಡಿ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಮಕ್ಕಳು ನೆಕ್ಕಿದರೆ ಮೂತ್ರಪಿಂಡಕ್ಕೆ ವಿಷ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.