ಗಣಿತ ಶಿಕ್ಷಕ ಹೈಮೆ ಎಸ್ಕಲಾಂಟೆ

ಹೈಮೆ ಎಸ್ಕಲಾಂಟೆ (1930–2010) ಬೊಲಿವಿಯಾ ದೇಶದ ಲಾಪಾಜ್ ನಗರದಲ್ಲಿ ಜನಿಸಿದರು. ತಾಯ್ನಾಡಿನಲ್ಲಿ ಅಧ್ಯಾಪಕರಾಗಿದ್ದ ಅವರು 1960ರ ದಶಕದಲ್ಲಿ ಅಮೆರಿಕಕ್ಕೆ ತೆರಳಿ, ಉಪಾಹಾರಗೃಹದಲ್ಲಿ ನೆಲ ಒರೆಸುವ ಕೆಲಸ ಮಾಡಿ, ಇಂಗ್ಲಿಷ್ ಕಲಿತು, ಮತ್ತೊಮ್ಮೆ ಪದವಿ ಪಡೆದರು. 1974ರಲ್ಲಿ ಲಾಸ್ ಏಂಜಲಿಸ್ ಪೂರ್ವಭಾಗದ ಗಾರ್ಫೀಲ್ಡ್ ಪ್ರೌಢಶಾಲೆಯ ಗಣಿತ ಶಿಕ್ಷಕರಾದರು. ಅಲ್ಲಿನ ಬಹುಪಾಲು ಮಕ್ಕಳು ಮೆಕ್ಸಿಕೊ ಮೂಲದ ಬಡ ಕುಟುಂಬಗಳವರು. ಈ ಮಕ್ಕಳಿಗೆ ಕಲನಶಾಸ್ತ್ರ ದಕ್ಕದೆಂಬ ಮಾತನ್ನು ಅವರು ಒಪ್ಪಲಿಲ್ಲ. ಶಾಲಾವೇಳೆಗೆ ಮುನ್ನವೂ ಅನಂತರವೂ, ಬೇಸಿಗೆ ರಜೆಯಲ್ಲಿಯೂ ಪಾಠ ಹೇಳಿದರು.

1982ರಲ್ಲಿ ಅವರ 18 ವಿದ್ಯಾರ್ಥಿಗಳೂ ಕಾಲೇಜು ಮಟ್ಟದ ಕಲನಶಾಸ್ತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಪರೀಕ್ಷೆ ನಡೆಸಿದ ಸಂಸ್ಥೆ 14 ಮಂದಿಯ ಉತ್ತರಗಳನ್ನು ಶಂಕಿಸಿತು. ಅವರಲ್ಲಿ 12 ಮಂದಿ ಮರುಪರೀಕ್ಷೆಗೆ ಕುಳಿತು, ಎಲ್ಲರೂ ಮತ್ತೆ ತೇರ್ಗಡೆಯಾದರು.

1988ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಎಸ್ಕಲಾಂಟೆಯವರಿಗೆ ಶಿಕ್ಷಣ ಶ್ರೇಷ್ಠತೆಯ ಪದಕ ನೀಡಿದರು. ಅದೇ ವರ್ಷ ಅವರ ಬೋಧನೆಯನ್ನು ಕುರಿತ ಚಲನಚಿತ್ರ ತೆರೆಕಂಡಿತು. 2016ರಲ್ಲಿ ಅವರ ಗೌರವಾರ್ಥ ಅಂಚೆಚೀಟಿ ಹೊರಬಂದಿತು. ಆದರೆ ನಾವು ಅವರ ಹಿರಿಮೆಯನ್ನು ಕಾಣುವುದು ಆ ಮರುಪರೀಕ್ಷೆಯಲ್ಲಿ. ಬಡಮಕ್ಕಳ ಗೆಲುವನ್ನು ಲೋಕ ನಂಬದಿದ್ದಾಗ, ಅವರು ಕಲಿತ ವಿದ್ಯೆಯೇ ಅವರ ಪರವಾಗಿ ಸಾಕ್ಷಿ ನುಡಿಯಿತು. ಮಗುವಿಗೆ ಗಣಿತ ಒಗ್ಗದೆಂದು ತೀರ್ಮಾನಿಸುವ ಮುನ್ನ ಪಾಲಕರೂ ಶಿಕ್ಷಕರೂ ಇದನ್ನು ನೆನೆಯಲೆಂಬುದು ನಮ್ಮ ಆಶಯ.